ಅಂಕಿ ಓದುವವನು, ಹಿಡಿಕೆ ತಿರುಗಿಸುವವನು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಟ್ರಾವರ್ಸ್ ಸಿಟಿ ಎಂಬ ಊರಿದೆ. 1940ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಒಂದೇ ಮಿಲ್ಲಿಂಗ್ ಯಂತ್ರದ ಸುತ್ತ ಮೂವರು ನಿಂತು ಕೆಲಸ ಮಾಡುತ್ತಿದ್ದರು. ಒಬ್ಬನ ಕೈಯಲ್ಲಿ ಅಂಕಿಗಳ ಪಟ್ಟಿ. ಅವನು ಎರಡು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾನೆ. ಎರಡನೆಯವನು ಮೇಜನ್ನು ಎಡಬಲಕ್ಕೆ ಸರಿಸುವ ಹಿಡಿಕೆಯನ್ನು ಮೊದಲ ಅಂಕಿಗೆ ತರುತ್ತಾನೆ, ಮೂರನೆಯವನು ಹಿಂದೆ ಮುಂದೆ ಸರಿಸುವ ಹಿಡಿಕೆಯನ್ನು ಎರಡನೆಯ ಅಂಕಿಗೆ ತರುತ್ತಾನೆ. ಕಟ್ಟರ್ ಕೆಳಗಿಳಿದು ಲೋಹದಲ್ಲಿ ಒಂದು ಗುಳಿ ಕೊರೆಯುತ್ತದೆ. ಮತ್ತೆರಡು ಅಂಕಿ, ಮತ್ತೊಂದು ಗುಳಿ. ಹೀಗೆ ನೂರಾರು ಗುಳಿಗಳಾದ ಮೇಲೆ ಉಳಿದ ಏಣುಗಳನ್ನು ಅರದಿಂದ ಉಜ್ಜಿದರೆ ಹೆಲಿಕಾಪ್ಟರ್ ರೆಕ್ಕೆಯ ಅಡ್ಡಸೀಳಿನ ಬಾಗು ಸಿದ್ಧ.

ಕಾರ್ಖಾನೆಯ ಯಜಮಾನ ಜಾನ್ ಪಾರ್ಸನ್ಸ್. ಅಂಕಿಗಳನ್ನು ಲೆಕ್ಕ ಹಾಕಿಕೊಟ್ಟವನು ಅವನ ಎಂಜಿನಿಯರ್ ಫ್ರಾಂಕ್ ಸ್ಟುಲೆನ್. ಅಲ್ಲಿಯವರೆಗೆ ಆ ಬಾಗನ್ನು ಹದಿನೇಳು ಬಿಂದುಗಳಿಂದ ಗುರುತಿಸಿ, ನಡುವಿನ ಗೆರೆಯನ್ನು ಬಾಗುವ ಪಟ್ಟಿಯಿಟ್ಟು ಕಣ್ಣಂದಾಜಿನಲ್ಲಿ ಎಳೆಯುತ್ತಿದ್ದರು. ಸ್ಟುಲೆನ್ ಐಬಿಎಂನ ಪಂಚ್ ಕಾರ್ಡ್ ಯಂತ್ರ ಬಳಸಿ ಇನ್ನೂರು ಬಿಂದುಗಳ ಪಟ್ಟಿ ತೆಗೆದ. ಲೆಕ್ಕದ ಕಚೇರಿಯಲ್ಲಿ ಸಂಬಳ, ದಾಸ್ತಾನು ಎಣಿಸುವುದಕ್ಕಿದ್ದ ಯಂತ್ರ ಲೋಹ ಕತ್ತರಿಸುವವನಿಗೆ ಆಜ್ಞೆ ಕೊಡತೊಡಗಿದ್ದು ಹೀಗೆ.

ಇವತ್ತು ನಾವು ಸಿಎನ್‌ಸಿ ಎನ್ನುವ ಗಣಕ ನಿಯಂತ್ರಿತ ಯಂತ್ರಗಾರಿಕೆಯ ಇತಿಹಾಸವೆಲ್ಲ ಆ ಮೂವರ ನಡುವಿನ ಸಂಬಂಧದ ಇತಿಹಾಸ. ಅಂಕಿ ಓದುವವನು ಯಾರು, ಹಿಡಿಕೆ ತಿರುಗಿಸುವವನು ಯಾರು, ಇಬ್ಬರಲ್ಲಿ ಕೆಲಸ ಗೊತ್ತಿರುವವನು ಯಾರು? ಡೊಂಬಿವಲಿಯ ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಈಗ ಒಂದು ಪುಟ್ಟ ಸಿಎನ್‌ಸಿ ಯಂತ್ರವಿದೆ. ಮಧ್ಯಮ ದರ್ಜೆಯ ಮೊಬೈಲ್ ಫೋನಿನ ಬೆಲೆಗೆ ಸಿಗುವಂಥದ್ದು. ನಮ್ಮವರಲ್ಲಿ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಸೇರಿದ ಹಲವರು ಇಂಥದನ್ನು ಕೊಳ್ಳುವ ಯೋಚನೆಯಲ್ಲಿರುವುದು ನನಗೆ ಗೊತ್ತು. ಕೊಳ್ಳುವ ಮುನ್ನ ಅದು ನಡೆದು ಬಂದ ದಾರಿಯನ್ನು ತಿಳಿದುಕೊಂಡರೆ ಅದರಿಂದ ಏನು ಕಲಿಯಬೇಕು, ಯಾರಿಂದ ಕಲಿಯಬೇಕು ಎಂಬುದು ಸ್ಪಷ್ಟವಾಗುತ್ತದೆ ಎಂದು ಈ ಬರಹ.

ಉಳಿ ಹಿಡಿದ ಕೈ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ನೋಡಿದವರಿಗೆ ಲೇತ್ ಎಂದರೇನೆಂದು ವಿವರಿಸಬೇಕಿಲ್ಲ. ಹಾಲೆಮರದ ತುಂಡು ತಿರುಗುತ್ತಿರುತ್ತದೆ, ಕುಶಲಕರ್ಮಿ ಉಳಿಯನ್ನು ಕೈಯಲ್ಲಿ ಹಿಡಿದು ಅದಕ್ಕೆ ಒಡ್ಡುತ್ತಾನೆ. ತಿರುಗಿಸುವ ಕೆಲಸವನ್ನು ಮೋಟಾರಿಗೆ ವಹಿಸಿದರೂ ಉಳಿಯ ಒತ್ತಡ, ಓರೆ, ವೇಗ ಎಲ್ಲವೂ ಕೈಯಲ್ಲೇ. ಮರ ಎಲ್ಲಿ ಮೆದುವಾಗಿದೆ, ಎಲ್ಲಿ ಗಂಟಿದೆ ಎನ್ನುವುದು ಕೈಗೆ ತಾನಾಗಿ ತಿಳಿಯುತ್ತದೆ.

ಸುಮಾರು 1800ರ ವೇಳೆಗೆ ಲಂಡನ್ನಿನ ಹೆನ್ರಿ ಮಾಡ್ಸ್ಲಿ ಈ ಕೈಯಿಂದ ಉಳಿಯನ್ನು ಬಿಡಿಸಿದ. ಸ್ಲೈಡ್ ರೆಸ್ಟ್ ಎಂಬ ಕಬ್ಬಿಣದ ಜಾರುಪೀಠದಲ್ಲಿ ಉಳಿಯನ್ನು ಬಿಗಿದು, ಪೀಠವನ್ನು ಸ್ಕ್ರೂವಿನಿಂದ ಸರಿಸುವ ಲೇತನ್ನು ಪಕ್ವಗೊಳಿಸಿದ. ಕಬ್ಬಿಣವನ್ನು ಅಳತೆಗೆ ಸರಿಯಾಗಿ ಕಡೆಯುವುದು ಸಾಧ್ಯವಾದದ್ದು ಆಮೇಲೆ. ಇದು ಮೊದಲ ಅಗಲಿಕೆ. ಉಳಿಯನ್ನು ಬಿಟ್ಟ ಕೈ ಹಿಡಿಕೆಗೆ ಬಂತು. ಆದರೂ ಹಿಡಿಕೆಯ ಮೂಲಕ ಲೋಹದ ನಡುಕ ಕೈಗೆ ಬರುತ್ತಲೇ ಇತ್ತು. ಎಷ್ಟು ತಿರುಗಿಸಬೇಕು ಎಂಬ ತೀರ್ಮಾನ ಟರ್ನರ್‌ನದೇ ಆಗಿತ್ತು.

ಈ ವಿದ್ಯೆ ಕನ್ನಡ ನಾಡಿಗೆ ಬಂದ ದಾರಿಯಲ್ಲಿ ಮುಂಬಯಿ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಬಂದರು. ಬಣ್ಣಗಳನ್ನು ಗುರುತಿಸುವಲ್ಲಿ ದೃಷ್ಟಿದೋಷವಿದ್ದ ಕಾರಣ ಯಾಂತ್ರಿಕ ರೇಖಾಚಿತ್ರದ ಕಡೆ ತಿರುಗಿ, ವಿಜೆಟಿಐಯಲ್ಲಿ ಅಧ್ಯಾಪಕರಾದರು. ಬಡ್ತಿ ತಪ್ಪಿದ ಮೇಲೆ ಆ ಕೆಲಸ ಬಿಟ್ಟು ಬೆಳಗಾವಿಗೆ ಮರಳಿ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಔಂಧ್ ಸಂಸ್ಥಾನದ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಶುರುವಾಯಿತು. ಲೇತ್ ಅದರ ಮುಖ್ಯ ಸರಕು. ಹರಿಹರದಲ್ಲಿ ಎರಕಗೊಂಡ ಆ ಲೇತುಗಳು ದೇಶದ ಪಾಲಿಟೆಕ್ನಿಕ್‌ಗಳಿಗೆ, ಐಟಿಐಗಳಿಗೆ, ಸಣ್ಣ ವರ್ಕ್‌ಶಾಪ್‌ಗಳಿಗೆ ಹೋದವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತುಹೋಯಿತು. ಲೇತುಗಳು ಇನ್ನೂ ಅಲ್ಲಲ್ಲಿ ತಿರುಗುತ್ತಿವೆ.

ರೂಡಿ ಹರ್ಟ್ಸ್‌ನ ಕೈಚಳಕ

ಮತ್ತೆ ಅಮೆರಿಕಕ್ಕೆ ಬರೋಣ. ಪಾರ್ಸನ್ಸ್ ತನ್ನ ಮೂವರು ಆಳುಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಬಯಸಿದ. 1949ರಲ್ಲಿ ಅಮೆರಿಕದ ವಾಯುಪಡೆ ಅದಕ್ಕೆ ಹಣ ಕೊಟ್ಟಿತು. ಹಿಡಿಕೆ ತಿರುಗಿಸುವ ಮೋಟಾರುಗಳ ನಿಯಂತ್ರಣಕ್ಕಾಗಿ ಅವನು ಎಂಐಟಿಯ ಸರ್ವೋಮೆಕ್ಯಾನಿಸಂ ಪ್ರಯೋಗಾಲಯದ ಮೊರೆಹೋದ. ಅಲ್ಲಿಂದ ಯೋಜನೆ ಬೆಳೆದು, ಪಾರ್ಸನ್ಸ್‌ನ ಕೈ ಮೀರಿ, ಎಂಐಟಿಯದೇ ಆಗಿಬಿಟ್ಟಿತು. 1952ರ ಸೆಪ್ಟೆಂಬರಿನಲ್ಲಿ ಸಿನ್ಸಿನಾಟಿ ಹೈಡ್ರೋಟೆಲ್ ಎಂಬ ಮಿಲ್ಲಿಂಗ್ ಯಂತ್ರ, ರಂಧ್ರಗಳಿದ್ದ ಕಾಗದದ ಪಟ್ಟಿ ಓದಿಕೊಂಡು ತಾನೇ ಮೂರು ದಿಕ್ಕುಗಳಲ್ಲಿ ಚಲಿಸುವುದನ್ನು ಜನರೆದುರು ತೋರಿಸಿದರು. ನೂರಾರು ನಿರ್ವಾತ ನಳಿಕೆಗಳಿದ್ದ ಅದರ ನಿಯಂತ್ರಕ ಯಂತ್ರಕ್ಕಿಂತಲೂ ಹೆಚ್ಚು ಜಾಗ ಹಿಡಿದಿತ್ತು. ಪಾರ್ಸನ್ಸ್ ಮತ್ತು ಸ್ಟುಲೆನ್ ಹೆಸರಿನ ಪೇಟೆಂಟ್ ಮಂಜೂರಾದದ್ದು 1958ರ ಜನವರಿಯಲ್ಲಿ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿ 1940ರ ದಶಕದ ಉತ್ತರಾರ್ಧದಲ್ಲಿ 'ರೆಕಾರ್ಡ್ ಪ್ಲೇಬ್ಯಾಕ್' ಎಂಬ ವಿಧಾನ ರೂಪಿಸಿತು. ಅದರಲ್ಲಿ ನುರಿತ ಕೆಲಸಗಾರ ಮೊದಲ ತುಂಡನ್ನು ತನ್ನ ಕೈಯಾರೆ ಮಾಡುತ್ತಾನೆ. ಅವನ ಪ್ರತಿ ಚಲನೆ ಮ್ಯಾಗ್ನೆಟಿಕ್ ಟೇಪಿನಲ್ಲಿ ದಾಖಲಾಗುತ್ತದೆ. ಮುಂದಿನ ತುಂಡುಗಳನ್ನು ಯಂತ್ರ ಆ ಟೇಪನ್ನು ಮರುನುಡಿಸಿ ಮಾಡುತ್ತದೆ. ಸಂಗೀತಗಾರನ ಹಾಡನ್ನು ಮುದ್ರಿಸಿಕೊಂಡ ಹಾಗೆ. ಎಂಐಟಿಯ ವಿಧಾನದಲ್ಲಾದರೋ ಕೆಲಸಗಾರನ ಕೈ ಬೇಕೇ ಇಲ್ಲ. ಕಚೇರಿಯಲ್ಲಿ ಕೂತವನು ರೇಖಾಚಿತ್ರ ನೋಡಿ ಅಂಕಿ ಬರೆದರೆ ಸಾಕು.

ರೆಕಾರ್ಡ್ ಪ್ಲೇಬ್ಯಾಕ್ ಬೇರೂರಲಿಲ್ಲ, ಅಂಕಿಯ ದಾರಿ ಗೆದ್ದಿತು. ಏಕೆ ಎಂಬುದರ ಬಗ್ಗೆ ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ 'ಫೋರ್ಸಸ್ ಆಫ್ ಪ್ರೊಡಕ್ಷನ್' ಎಂಬ ದೊಡ್ಡ ಪುಸ್ತಕ ಬರೆದರು. ಅವರ ವಾದ ಇಷ್ಟು: ತಂತ್ರಜ್ಞಾನ ತಾನಾಗಿ ಈ ದಾರಿ ಹಿಡಿಯಲಿಲ್ಲ, ಹಿಡಿಸಲಾಯಿತು. ಮೊದಲ ವಿಧಾನದಲ್ಲಿ ಕೌಶಲವೂ ಅದರ ಜೊತೆಗಿನ ಹಿಡಿತವೂ ಕಾರ್ಖಾನೆಯ ನೆಲದಲ್ಲಿರುವ ಕೆಲಸಗಾರನ ಬಳಿಯೇ ಉಳಿಯುತ್ತಿತ್ತು. ಎರಡನೆಯದರಲ್ಲಿ ಅದು ಆಡಳಿತದ ಕಚೇರಿಗೆ ಏರುತ್ತಿತ್ತು. ಯುದ್ಧಾನಂತರದ ಮುಷ್ಕರಗಳನ್ನು ಕಂಡಿದ್ದ ಆಡಳಿತಗಳಿಗೆ ಎರಡನೆಯದೇ ಹಿತವಾಯಿತು.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಬಿಡುವಂತಿಲ್ಲ. ಜೆಟ್ ವಿಮಾನದ ರೆಕ್ಕೆಯಂಥ ಮೂರು ದಿಕ್ಕಿನ ಬಾಗುಗಳನ್ನು ಎಂಥ ನುರಿತ ಕೈಯೂ ನೇರವಾಗಿ ಕಡೆಯಲಾರದು. ಕೈಯಿಂದ ಆಗದ್ದನ್ನು ಟೇಪಿಗೆ ಮುದ್ರಿಸುವುದಾದರೂ ಹೇಗೆ? ವಾಯುಪಡೆಗೆ ಬೇಕಿದ್ದದ್ದು ಅಂಥ ಆಕಾರಗಳೇ. ನನಗನ್ನಿಸುವಂತೆ ಎರಡೂ ಮಾತು ನಿಜ. ರೆಕ್ಕೆಗೆ ಅಂಕಿಯೇ ಬೇಕಿತ್ತು, ಆದರೆ ರೆಕ್ಕೆಗಾಗಿ ಆಯ್ದ ದಾರಿಯಲ್ಲಿ ಸಾಮಾನ್ಯ ಬೋಲ್ಟು ಬುಷ್ಷುಗಳೂ ನಡೆಯಬೇಕಾಗಿ ಬಂತು.

ಈ ಅಗಲಿಕೆಯ ನೋವನ್ನು ಮೊದಲು ಕಂಡವರಲ್ಲಿ ಒಬ್ಬ ಕಾದಂಬರಿಕಾರನಿದ್ದ. ಕರ್ಟ್ ವಾನಗಟ್ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಚಾರ ವಿಭಾಗದಲ್ಲಿ ನೌಕರನಾಗಿದ್ದಾಗ ಜೆಟ್ ಎಂಜಿನ್ನಿನ ಭಾಗಗಳನ್ನು ಕತ್ತರಿಸುವ ಸ್ವಯಂಚಾಲಿತ ಮಿಲ್ಲಿಂಗ್ ಯಂತ್ರವನ್ನು ನೋಡಿದ. 1952ರಲ್ಲಿ, ಎಂಐಟಿಯ ಪ್ರದರ್ಶನವಾದ ಅದೇ ವರ್ಷ, ಅವನ ಮೊದಲ ಕಾದಂಬರಿ 'ಪ್ಲೇಯರ್ ಪಿಯಾನೊ' ಪ್ರಕಟವಾಯಿತು. ಅದರಲ್ಲಿ ರೂಡಿ ಹರ್ಟ್ಸ್ ಎಂಬ ಲೇತ್ ಕೆಲಸಗಾರ ಬರುತ್ತಾನೆ. ಅವನ ಕೈಚಲನೆಯನ್ನು ಟೇಪಿನಲ್ಲಿ ಹಿಡಿದಿಟ್ಟುಕೊಂಡ ಮೇಲೆ ಕಾರ್ಖಾನೆಗೆ ಅವನ ಅಗತ್ಯವಿರುವುದಿಲ್ಲ. ತನ್ನ ಕೈಯನ್ನೇ ಅನುಕರಿಸಲು ಆರಿಸಿದರು ಎಂಬ ಹೆಮ್ಮೆ ಮಾತ್ರ ಆ ಮುದುಕನಿಗೆ ಉಳಿದಿರುತ್ತದೆ. ನೋಬಲ್ ಅವರ ಪುಸ್ತಕದಲ್ಲಿ ಟೇಪು ಕೆಲಸಗಾರನನ್ನು ಉಳಿಸಬಹುದಾಗಿದ್ದ ದಾರಿ, ವಾನಗಟ್‌ನ ಕಾದಂಬರಿಯಲ್ಲಿ ಅದೇ ಟೇಪು ಅವನನ್ನು ಮನೆಗೆ ಕಳಿಸುತ್ತದೆ. ಟೇಪು ಯಾರ ಕಪಾಟಿನಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮುಂದಿನದು ವೇಗವಾಗಿ ನಡೆಯಿತು. ಅಂಕಿಗಳನ್ನು ಕೈಯಿಂದ ಬರೆಯುವ ಬದಲು 'ಈ ವೃತ್ತದ ಸುತ್ತ ಹೋಗು' ಎನ್ನಬಹುದಾದ ಎಪಿಟಿ ಎಂಬ ಭಾಷೆಯನ್ನು ಎಂಐಟಿಯ ಡಗ್ಲಸ್ ರಾಸ್ ತಂಡ ರೂಪಿಸಿ, 1959ರ ಫೆಬ್ರವರಿಯಲ್ಲಿ ಪತ್ರಕರ್ತರಿಗೆ ಆ ಭಾಷೆಯಿಂದ ಕಡೆದ ಅಲ್ಯುಮಿನಿಯಂ ಬೂದಿಬಟ್ಟಲುಗಳನ್ನು ಹಂಚಿತು. ಜಪಾನಿನ ಫುಜಿತ್ಸು ಕಂಪನಿಯಲ್ಲಿ ಸೆಯುಎಮೊನ್ ಇನಾಬಾ ನಡೆಸಿದ ನಿಯಂತ್ರಕ ವಿಭಾಗ 1972ರಲ್ಲಿ ಫ್ಯಾನಕ್ ಎಂಬ ಸ್ವತಂತ್ರ ಕಂಪನಿಯಾಯಿತು. ಮೈಕ್ರೊಪ್ರೊಸೆಸರ್ ಬಂದ ಮೇಲೆ ಕೋಣೆ ತುಂಬುವ ನಿಯಂತ್ರಕ ಒಂದು ಪೆಟ್ಟಿಗೆಯಾಯಿತು. ಕಾಗದದ ಪಟ್ಟಿ ಹೋಯಿತು, ಅದರ ಮೇಲಿನ ಜಿ-ಕೋಡ್ ಉಳಿಯಿತು.

ಜಾಲಹಳ್ಳಿಯಿಂದ ವಾಗ್ಳೆ ಎಸ್ಟೇಟಿಗೆ

ಸ್ವತಂತ್ರ ಭಾರತ ಯಂತ್ರ ಮಾಡುವ ಯಂತ್ರಗಳನ್ನು ತಾನೇ ಮಾಡಬೇಕೆಂದು ಹೊರಟಾಗ ಆರಿಸಿಕೊಂಡ ಜಾಗ ಬೆಂಗಳೂರು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು. ಎಚ್‌ಎಂಟಿ ಎಂದರೆ ನಮಗೆ ಅಪ್ಪನ ಕೈಗಡಿಯಾರ ನೆನಪಾಗುತ್ತದೆ. ಆದರೆ ಗಡಿಯಾರ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಜೊತೆಗೂಡಿ. ಹೆಸರಿನಲ್ಲಿರುವ 'ಮೆಷಿನ್ ಟೂಲ್ಸ್' ಅದಕ್ಕೂ ಹಳೆಯದು. 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಬೆಂಗಳೂರಿನಲ್ಲೇ ಸಿಎಂಟಿಐ ಎಂಬ ಸಂಶೋಧನಾ ಸಂಸ್ಥೆ ಶುರುವಾಯಿತು. ಅದು ಹೊರತಂದ ಯಂತ್ರ ವಿನ್ಯಾಸದ ಕೈಪಿಡಿ ನಾನು ಎಂಟೆಕ್ ಓದುವಾಗಲೂ ಗ್ರಂಥಾಲಯದ ಮೇಜಿನ ಮೇಲಿರುತ್ತಿತ್ತು. 1972ರಲ್ಲಿ ಡೆನ್ಮಾರ್ಕಿನ ಸಹಾಯದೊಂದಿಗೆ ಉಪಕರಣ ತಯಾರಿಕೆ ಕಲಿಸುವ ಜಿಟಿಟಿಸಿ ಬಂತು. 1979ರಲ್ಲಿ ಏಸ್ ಡಿಸೈನರ್ಸ್ ಶುರುವಾಗಿ, ಪೀಣ್ಯದ ಷೆಡ್ಡುಗಳಿಂದ ಸಿಎನ್‌ಸಿ ಲೇತುಗಳು ದೇಶದ ಸಣ್ಣ ಕಾರ್ಖಾನೆಗಳಿಗೆ ಹೋಗತೊಡಗಿದವು.

ನಮ್ಮ ಈ ಕಡೆಯೂ ಕಥೆ ಖಾಲಿಯಿಲ್ಲ. ಕಲ್ಯಾಣದಿಂದ ಮೂರು ನಿಲ್ದಾಣ ಮುಂದಿರುವ ಅಂಬರನಾಥದ ಶಿವಾಲಯ 1060ರದು, ಶಿಲಾಹಾರರ ಕಾಲದ್ದು. ಅದನ್ನು ನೋಡಲು ಹೋಗುವ ನಾವು ಅದೇ ಊರಿನಲ್ಲಿ 1950ರ ದಶಕದಲ್ಲಿ ರಕ್ಷಣಾ ಇಲಾಖೆ ಕಟ್ಟಿದ ಮೆಷಿನ್ ಟೂಲ್ ಪ್ರೊಟೊಟೈಪ್ ಫ್ಯಾಕ್ಟರಿಯ ಗೋಡೆಯನ್ನು ಗಮನಿಸುವುದಿಲ್ಲ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ನಮ್ಮೆಲ್ಲರ ಬಾಯಲ್ಲಿ ಎಂಐಡಿಸಿ, ಹುಟ್ಟಿದ್ದು 1962ರ ಆಗಸ್ಟಿನಲ್ಲಿ. ಥಾಣೆಯ ವಾಗ್ಳೆ ಎಸ್ಟೇಟ್ ಅದರ ಮೊದಮೊದಲ ವಸಾಹತುಗಳಲ್ಲಿ ಒಂದು. ಡೊಂಬಿವಲಿಯ ಎಂಐಡಿಸಿ, ಥಾಣೆ ಖಾರಿಯ ಆಚೆ ರಬಾಳೆ, ಮಹಾಪೆ, ತುರ್ಭೆಯವರೆಗೆ ಹಬ್ಬಿದ ಪಟ್ಟಿ ಎಲ್ಲ ಆಮೇಲೆ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿಮುಂಬಯಿಯ ನಕಾಶೆ ಬರೆಯುವ ಹೊತ್ತಿಗೆ ಈ ಕಡೆ ಲೇತುಗಳ ಸದ್ದು ಕೇಳುತ್ತಿತ್ತು.

ಈ ವಸಾಹತುಗಳ ದೊಡ್ಡ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಯಂತ್ರಗಾರಿಕೆಯ ಜೀವ ಇದ್ದದ್ದು ಅವುಗಳ ಬೆನ್ನಿಗಿದ್ದ ಗಾಲಾಗಳಲ್ಲಿ. ಇನ್ನೂರು ಮುನ್ನೂರು ಚದರ ಅಡಿಯ ಒಂದು ಕೋಣೆ, ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಯಜಮಾನನೇ ಮುಖ್ಯ ಕೆಲಸಗಾರ. ದೊಡ್ಡ ಕಂಪನಿ ರೇಖಾಚಿತ್ರ ಕಳಿಸುತ್ತದೆ, ಗಾಲಾ ತುಂಡು ಮಾಡಿಕೊಡುತ್ತದೆ. ಇದೇ ಜಾಬ್ ವರ್ಕ್. ನಮ್ಮ ಊರುಗಳಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರ ಕಥೆಯನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಅವರಲ್ಲಿ ಹೋಟೆಲ್ ಮಾಲೀಕರಾದವರು, ವಕೀಲರಾದವರು, ಲೇಖಕರಾದವರು ನಮಗೆ ಪರಿಚಿತರು. ಊರಿನಲ್ಲೋ ಇಲ್ಲೋ ಐಟಿಐ ಮುಗಿಸಿ ಟರ್ನರ್, ಫಿಟ್ಟರ್ ಆಗಿ ಮೂವತ್ತು ವರ್ಷ ಎಂಟು ಮೂವತ್ತೆರಡರ ಲೋಕಲ್ ಹಿಡಿದವರ ಕಥೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ವಿರಳ. ಅವರು ಮಾಡಿದ ಶಾಫ್ಟು, ಬುಷ್ಷುಗಳ ಮೇಲೆ ಹೆಸರು ಇರುವುದಿಲ್ಲವಲ್ಲ.

ಈಗ ವಾಗ್ಳೆ ಎಸ್ಟೇಟಿನ ಎಷ್ಟೋ ಷೆಡ್ಡುಗಳ ಜಾಗದಲ್ಲಿ ಗಾಜಿನ ಐಟಿ ಕಟ್ಟಡಗಳಿವೆ. ಐರೋಳಿಯಲ್ಲಿ, ಮಹಾಪೆಯಲ್ಲಿಯೂ ಅಷ್ಟೆ. ಅಂಥದೊಂದು ಕಟ್ಟಡದಲ್ಲಿ ನನ್ನ ಕೆಲಸ. ಪ್ರಾಜೆಕ್ಟ್ ಮ್ಯಾನೇಜರ್ ಎಂದರೆ ಟ್ರಾವರ್ಸ್ ಸಿಟಿಯ ಆ ಮೂವರಲ್ಲಿ ಮೊದಲನೆಯವನು, ಪಟ್ಟಿ ಹಿಡಿದು ಗಟ್ಟಿಯಾಗಿ ಓದುವವನು. ಯಾರೋ ಬಯಸಿದ್ದನ್ನು ಯಾರೋ ಬರೆಯುತ್ತಾರೆ, ಯಾರೋ ಕೋಡ್ ಮಾಡುತ್ತಾರೆ, ಯಾರೋ ಪರೀಕ್ಷಿಸುತ್ತಾರೆ, ನಾನು ನಡುವೆ ನಿಂತು ದಿನಾಂಕ ಓದುತ್ತೇನೆ. ಯೋಜನೆ ಮತ್ತು ಮಾಡುವಿಕೆ ಬೇರೆಯಾದ ಆ ಇತಿಹಾಸದ ಸಂಬಳವನ್ನೇ ನಾವೆಲ್ಲ ತಿಂಗಳ ಕೊನೆಗೆ ಎಣಿಸುತ್ತಿದ್ದೇವೆ.

ಮೂವರ ಕೆಲಸ ಒಂದು ಮೇಜಿನ ಮೇಲೆ

ಮನೆಯ ವರ್ಕ್‌ಶಾಪ್ ಹೊಸದಲ್ಲ. ಇಂಗ್ಲೆಂಡಿನ ಹವ್ಯಾಸಿಗಳಿಗೆ 1898ರಿಂದಲೇ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆ ಇತ್ತು. ಹೊಸದು ಅದಕ್ಕೆ ಗಣಕ ಸೇರಿದ್ದು. 1990ರ ದಶಕದಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಸಾಮಾನ್ಯ ಪಿಸಿಯಲ್ಲಿ ಓಡುವ ನಿಯಂತ್ರಕ ತಂತ್ರಾಂಶವೊಂದನ್ನು ಬರೆದು ಸಾರ್ವಜನಿಕರಿಗೆ ಮುಕ್ತವಾಗಿ ಕೊಟ್ಟಿತು. ಅದೇ ಬೆಳೆದು ಇಂದಿನ ಲಿನಕ್ಸ್‌ಸಿಎನ್‌ಸಿ ಆಗಿದೆ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗಾಗಿ ಆರ್ಡುಯಿನೊ ಎಂಬ ಅಗ್ಗದ ಸರ್ಕ್ಯೂಟ್ ಬೋರ್ಡ್ ಬಂತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಆ ಬೋರ್ಡಿನ ಮೇಲೆ ಜಿ-ಕೋಡ್ ಓದುವ ಗರ್ಬಲ್ ಎಂಬ ಸಣ್ಣ ತಂತ್ರಾಂಶ ಬರೆದ. ಅದಕ್ಕೆ ಸಿಗುವ ಸ್ಮೃತಿ ಕೇವಲ 32 ಕಿಲೋಬೈಟ್. ನಾವು ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಚಿತ್ರಕ್ಕೂ ಅದು ಸಾಲದು. ಎಂಐಟಿಯ ನೂರಾರು ನಳಿಕೆಗಳ ಕೆಲಸವನ್ನು ಅದು ಮಾಡುತ್ತದೆ. ನಮ್ಮ ನೆರೆಯಲ್ಲೂ ಮೊಳಕೆ ಬೇಗ ಒಡೆದಿತ್ತು. ಎಂಐಟಿಯ ಹೊರಗಿನ ಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು 2002ರಲ್ಲಿ ಪುಣೆ ಬಳಿಯ ಪಾಬಳ ಹಳ್ಳಿಯಲ್ಲಿ, ಡಾ. ಎಸ್.ಎಸ್. ಕಲಬಾಗ್ ಕಟ್ಟಿದ ವಿಜ್ಞಾನ ಆಶ್ರಮದಲ್ಲಿ ಶುರುವಾಯಿತು.

ಆರಂಭಿಸುವವರಿಗೆ ಈಗ ಸುಲಭವಾಗಿ ಸಿಗುವುದು 3018 ಎಂಬ ಮಾದರಿ. ಮೇಜಿನ ಅಳತೆ ಸುಮಾರು 30 ಮತ್ತು 18 ಸೆಂಟಿಮೀಟರ್, ಹೆಸರು ಅದರಿಂದಲೇ. ಮರ, ಪ್ಲೈ, ಅಕ್ರಿಲಿಕ್, ಸರ್ಕ್ಯೂಟ್ ಬೋರ್ಡ್ ಇವಕ್ಕೆ ಸಾಕು. ಅಲ್ಯುಮಿನಿಯಂ ತೆಳುವಾಗಿ, ತಾಳ್ಮೆಯಿಂದ. ಉಕ್ಕಿನ ಆಸೆ ಬೇಡ. ಕಟ್ಟರ್, ಬೋಲ್ಟು, ಕ್ಲ್ಯಾಂಪುಗಳಿಗೆ ಮಸ್ಜಿದ್ ಬಂದರಿನ ಬಳಿಯ ನಾಗದೇವಿ ಬೀದಿ, ಮೋಟಾರು, ಡ್ರೈವರುಗಳಿಗೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆ. ಭಾನುವಾರ ಬಿಟ್ಟು ಶನಿವಾರ ಹೋದರೆ ಎರಡೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ.

ಕೆಲಸದ ಲೆಕ್ಕ ಸರಳ. ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ ಸುತ್ತಿಗೆ 3,200. ಸ್ಕ್ರೂ ಒಂದು ಸುತ್ತಿಗೆ 4 ಮಿಲಿಮೀಟರ್ ಸರಿಯುತ್ತದೆಂದರೆ, ಒಂದು ಮಿಲಿಮೀಟರಿಗೆ 800 ಮಿಡಿತ. ಈ 800 ಎಂಬ ಅಂಕಿಯೇ ಟ್ರಾವರ್ಸ್ ಸಿಟಿಯ ಎರಡನೆಯ, ಮೂರನೆಯ ಆಳುಗಳು. ಜಿ-ಕೋಡ್ ಕೂಡ ಹೆದರುವಂಥದ್ದಲ್ಲ. ಜಿ21 ಎಂದರೆ ಅಳತೆ ಮಿಲಿಮೀಟರಿನಲ್ಲಿ, ಜಿ90 ಎಂದರೆ ಎಲ್ಲ ಅಂಕಿಯೂ ಒಂದೇ ಮೂಲಬಿಂದುವಿನಿಂದ, ಜಿ0 ಎಂದರೆ ಕತ್ತರಿಸದೆ ಬೇಗ ಹೋಗು, ಜಿ1 ಎಂದರೆ ಹೇಳಿದ ವೇಗದಲ್ಲಿ ಕತ್ತರಿಸುತ್ತ ನೇರ ಹೋಗು. ಮೊದಲ ವಾರ ವಿನ್ಯಾಸ ತಂತ್ರಾಂಶ ಮುಟ್ಟದೆ, ಹತ್ತು ಸಾಲನ್ನು ಕೈಯಿಂದಲೇ ಬರೆದು ಒಂದು ಚೌಕ ಕೊರೆಯಿರಿ. ಅದಕ್ಕೂ ಮುನ್ನ ಕಟ್ಟರ್ ಬದಲು ಪೆನ್ನು ಕಟ್ಟಿ ಕಾಗದದ ಮೇಲೆ ಬರೆಯಿಸಿ, ಆಮೇಲೆ ಥರ್ಮಾಕೋಲ್, ಆಮೇಲೆ ಮರ.

ಎರಡನೆಯ ಲೆಕ್ಕ ಕಟ್ಟರ್‌ನದು. ಕಟ್ಟರ್‌ನ ಪ್ರತಿ ಹಲ್ಲು ಒಂದು ಸುತ್ತಿನಲ್ಲಿ ಎಷ್ಟು ದಪ್ಪದ ಸಿಪ್ಪೆ ಎತ್ತಬೇಕು ಎಂಬುದರಿಂದ ಹೊರಡಬೇಕು. ನಿಮಿಷಕ್ಕೆ 10,000 ಸುತ್ತು, ಎರಡು ಹಲ್ಲು, ಹಲ್ಲಿಗೆ 0.02 ಮಿಲಿಮೀಟರ್ ಎಂದರೆ ನಿಮಿಷಕ್ಕೆ 400 ಮಿಲಿಮೀಟರ್ ವೇಗ. ಹೊಸಬರೆಲ್ಲ ಭಯದಿಂದ ವೇಗ ಇಳಿಸುತ್ತಾರೆ. ಹಾಗೆ ಇಳಿಸಿದರೆ ಹಲ್ಲು ಸಿಪ್ಪೆ ಎತ್ತದೆ ಬರಿದೇ ಉಜ್ಜುತ್ತದೆ, ಬಿಸಿಯಾಗುತ್ತದೆ, ಅಕ್ರಿಲಿಕ್ ಕರಗುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ನಿಧಾನವೇ ಪ್ರಧಾನ ಎಂಬ ಗಾದೆ ಇಲ್ಲಿ ನಡೆಯದು.

ಫ್ಲ್ಯಾಟಿನ ಬದುಕಿಗೆ ಕೆಲವು ಮಾತು. ಕಣ್ಣಿಗೆ ಕನ್ನಡಕ ಇಲ್ಲದೆ ಯಂತ್ರದ ಮುಂದೆ ನಿಲ್ಲಬೇಡಿ. ತಿರುಗುವ ಯಂತ್ರದ ಹತ್ತಿರ ಕೈಗವಸು, ಉದ್ದ ತೋಳು ಬೇಡ, ಅವು ಕೈಯನ್ನೇ ಒಳಗೆಳೆಯುತ್ತವೆ. ಎಂಡಿಎಫ್ ಹಲಗೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ವ್ಯಾಕ್ಯೂಮ್ ಮತ್ತು ಮಾಸ್ಕ್ ಇರಲಿ. ನಮ್ಮ ಮಳೆಗಾಲದಲ್ಲಿ ಅದೇ ಹಲಗೆ ತೇವ ಕುಡಿದು ಉಬ್ಬುತ್ತದೆ, ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ. ಜೂನ್‌ಗೆ ಮುಂಚೆ ಎಣ್ಣೆ ಬಳಿದಿಡಿ. ಯಂತ್ರದ ಕೆಳಗೆ ದಪ್ಪ ರಬ್ಬರ್ ಹಾಸಿ, ಮೇಲೆ ಪೆಟ್ಟಿಗೆ ಮುಚ್ಚಿದರೆ ಸೊಸೈಟಿಯ ಕಾರ್ಯದರ್ಶಿಗೂ ನಿಮಗೂ ಸ್ನೇಹ ಉಳಿಯುತ್ತದೆ. ಮಧ್ಯಾಹ್ನದ ನಿದ್ದೆಯ ಹೊತ್ತಂತೂ ಬೇಡ. ಯಂತ್ರ ಓಡುವಾಗ ಆಫೀಸಿನ ಕರೆ ಬಂತೆಂದು ಎದ್ದು ಹೋಗಬೇಡಿ.

ಕಿವಿಯಲ್ಲಿರುವ ಅಂಕಿ

ನಮ್ಮ ಕಟ್ಟಡದಲ್ಲಿ ನಿವೃತ್ತ ಟರ್ನರ್ ಒಬ್ಬರಿದ್ದಾರೆ. ಉತ್ತರ ಕರ್ನಾಟಕದವರು, ಥಾಣೆಯ ಕಾರ್ಖಾನೆಗಳಲ್ಲಿ ಮೂರು ದಶಕ ದುಡಿದವರು. ಯಂತ್ರ ನೋಡಲು ಒಂದು ಭಾನುವಾರ ಬಂದರು. ಪರದೆಯ ಮೇಲಿನ ಅಂಕಿಗಳ ಕಡೆ ಅವರು ನೋಡಲಿಲ್ಲ. ನಾನು ಸಾಗುವಾನಿಯ ತುಂಡಿನ ಮೇಲೆ ಪರೀಕ್ಷಾ ಗೆರೆಗಳನ್ನು ಕೊರೆಯುತ್ತಿದ್ದೆ. ಒಂದೊಂದು ಗೆರೆಗೂ ವೇಗ ಒಂದಿಷ್ಟು ಹೆಚ್ಚು. ಅವರು ಬೆನ್ನು ಮಾಡಿ ನಿಂತು ಚಹಾ ಕುಡಿಯುತ್ತ ಕೇಳಿಸಿಕೊಂಡರು. ಮೊದಲಿನ ಗೆರೆಗಳಿಗೆ 'ಉಜ್ಜಾಕತ್ತೇತಿ' ಎಂದರು. ಮುಂದೊಂದು ಗೆರೆಗೆ ತಲೆಯಾಡಿಸಿ 'ಈಗ ತಿನ್ನಾಕತ್ತೇತಿ ನೋಡ್ರಿ' ಎಂದರು. ಪರದೆ ನೋಡಿದೆ. ಲೆಕ್ಕದ 400ರ ಆಸುಪಾಸಿನಲ್ಲೇ ಇತ್ತು. ಆಮೇಲೆ ಬಗ್ಗಿ ಸಿಪ್ಪೆಯನ್ನು ಬೆರಳಲ್ಲಿ ತಿಕ್ಕಿದರು. ಪುಡಿಯಾಗಿದ್ದರೆ ಉಜ್ಜಿದ್ದು, ಎಸಳಾಗಿದ್ದರೆ ಕತ್ತರಿಸಿದ್ದು ಎಂದರು. ಹಲ್ಲಿಗೆ 0.02 ಮಿಲಿಮೀಟರ್ ಎಂಬುದನ್ನು ಇಷ್ಟು ಚೆನ್ನಾಗಿ ವಿವರಿಸಿದ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಲ್ಲಿಯೇ ನನಗೆ ಈ ಇತಿಹಾಸದ ಅರ್ಥ ಕಾಣುತ್ತದೆ. 1952ರ ಯಂತ್ರ ಕಚೇರಿಯನ್ನು ಮೇಲಿಟ್ಟು ಕಾರ್ಖಾನೆಯ ನೆಲವನ್ನು ಕೆಳಗಿಟ್ಟಿತು. ಅಂಕಿ ಬರೆದವನಿಗೆ ಸದ್ದು ಕೇಳಿಸುತ್ತಿರಲಿಲ್ಲ, ಸದ್ದು ಕೇಳಿದವನಿಗೆ ಅಂಕಿ ಬದಲಿಸುವ ಅಧಿಕಾರವಿರಲಿಲ್ಲ. ಬಾಲ್ಕನಿಯ ಯಂತ್ರ ಆ ಮೂವರನ್ನೂ ಒಬ್ಬನನ್ನಾಗಿ ಮಾಡುತ್ತದೆ. ಬರೆಯುವವನೂ ನಾನೇ, ಕ್ಲ್ಯಾಂಪ್ ಬಿಗಿಯುವವನೂ ನಾನೇ, ಸಿಪ್ಪೆ ಗುಡಿಸುವವನೂ ನಾನೇ. ನಮ್ಮಂಥ ಓದಿದವರು ಇದರಲ್ಲಿ ಅಂಕಿಯ ಭಾಗವನ್ನು ಒಂದು ವಾರಾಂತ್ಯದಲ್ಲಿ ಕಲಿಯುತ್ತೇವೆ. ಉಳಿದ ಭಾಗ ಗೊತ್ತಿರುವವರು ನಮ್ಮ ಕಟ್ಟಡಗಳಲ್ಲಿ, ನಮ್ಮ ಸಂಘಗಳ ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತಿದ್ದಾರೆ, ಮತ್ತು ಅವರಿಗೆ ಈಗ ಎಪ್ಪತ್ತು ದಾಟುತ್ತಿದೆ. ರೂಡಿ ಹರ್ಟ್ಸ್‌ನ ಕೈಯನ್ನು ಯಾರೋ ಕಾರ್ಖಾನೆಗಾಗಿ ಟೇಪಿಗೆ ಇಳಿಸಿಕೊಂಡರು. ಇವರ ಕೈಯನ್ನು ಯಾರೂ ಯಾವುದಕ್ಕೂ ಇಳಿಸಿಕೊಂಡಿಲ್ಲ.

ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಹಲವಕ್ಕೆ ಸ್ವಂತ ಸಭಾಗೃಹವಿದೆ, ಕೆಲವು ಶಾಲೆಗಳನ್ನೂ ನಡೆಸುತ್ತವೆ. ಯಕ್ಷಗಾನಕ್ಕೆ, ಭಜನೆಗೆ, ಕನ್ನಡ ತರಗತಿಗೆ ಜಾಗವಿರುವಲ್ಲಿ ಒಂದು ಮೇಜಿಗೆ ಜಾಗವಾದೀತು. ತಿಂಗಳಿಗೊಂದು ಭಾನುವಾರ, ಒಂದು 3018 ಯಂತ್ರ, ಹತ್ತು ಹನ್ನೆರಡು ಹುಡುಗ ಹುಡುಗಿಯರು, ಜಿ-ಕೋಡ್ ಹೇಳಿಕೊಡಲು ನಮ್ಮಂಥವರೊಬ್ಬರು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸದ್ದು ಕೇಳಲು ಹಳೆಯ ಟರ್ನರ್ ಒಬ್ಬರು. ಅವರು ಹೇಳುವುದನ್ನು ಅವರದೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್. ನಮ್ಮ ಕಟ್ಟಡದವರನ್ನು ಕೇಳಿದ್ದೇನೆ. ಬರುತ್ತೇನೆ, ಆದರೆ ಹುಡುಗರ ಕೈಗೆ ಮೊದಲು ಅರ ಕೊಡಬೇಕು, ಯಂತ್ರ ಆಮೇಲೆ ಎಂದಿದ್ದಾರೆ. ಒಪ್ಪಿಕೊಂಡಿದ್ದೇನೆ. ನಾಗದೇವಿ ಬೀದಿಯಿಂದ ಒಂದು ಡಜನ್ ಅರ ತರುವುದಿದೆ.